ಆರು ವರ್ಷ ನೋಡಿ ಹೇಳುವ ನೌಕರಿ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಬಳ್ಳಾರಿಯಿಂದ ಮೋಕದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಜಾಲಿ ಗಿಡಗಳು ಶುರುವಾಗುವ ಜಾಗದಲ್ಲಿದ್ದ ಹಳೆಯ ಬಂಗಲೆಯೊಂದಕ್ಕೆ ಸುಣ್ಣ ಬಳಿದು, ಮಣ್ಣು ಮತ್ತು ನೀರಿನ ಸಂಶೋಧನಾ ಸಂಸ್ಥೆ ಎಂದು ಬೋರ್ಡು ಹಾಕಿದರು. ಊರಿನ ಶ್ರೀಮಂತರು ಸೇರಿ ಮಾಡಿಕೊಂಡ ಟ್ರಸ್ಟೊಂದರ ಸಂಸ್ಥೆ ಅದು. ಮಣ್ಣು ಸುತ್ತಲೂ ಬೇಕಾದಷ್ಟಿತ್ತು. ನೀರು ವಾರಕ್ಕೆ ಎರಡು ಸಲ ಟ್ಯಾಂಕರಿನಲ್ಲಿ ಬರುತ್ತಿತ್ತು.

ಅಲ್ಲಿ ಸಹಾಯಕ ಪ್ರಾಧ್ಯಾಪಕರು ಬೇಕಾಗಿದ್ದಾರೆ ಎಂದು ಪೇಪರಿನಲ್ಲಿ ಜಾಹೀರಾತು ಬಂದಾಗ ನಾನು ಮಣ್ಣು ವಿಜ್ಞಾನದಲ್ಲಿ ಡಾಕ್ಟರೇಟ್ ಮುಗಿಸಿ ಕುರುಗೋಡಿನ ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಕೂತಿದ್ದೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಮಗ ಡಾಕ್ಟರಾಗಿದ್ದಾನೆ ಎಂದು ಕೇಳಿ ಜ್ವರ, ಕೆಮ್ಮು ಎಂದು ಬಂದವರಿಗೆಲ್ಲ ಇವನು ಮಣ್ಣಿನ ಡಾಕ್ಟರು ಎಂದು ಬಿಡಿಸಿ ಹೇಳಿ ಅವರಿಗೆ ಸಾಕಾಗಿತ್ತು.

ಸಂದರ್ಶನಕ್ಕೆ ಹೋದೆ. ಮೇಜಿನ ಆಚೆ ಮೂವರಿದ್ದರು. ನಡುವೆ ಟ್ರಸ್ಟಿನ ಹಿರಿಯರು, ಅವರ ಬಲಕ್ಕೆ ಅಮೆರಿಕದಿಂದ ಬಂದ ನಿರ್ದೇಶಕರು, ಎಡಕ್ಕೆ ಹೊರಗಿನ ವಿಶ್ವವಿದ್ಯಾಲಯದಿಂದ ಕರೆಸಿದ ತಜ್ಞರು. ಬಳ್ಳಾರಿಯ ಮೇ ತಿಂಗಳಿನಲ್ಲಿ ನಿರ್ದೇಶಕರು ಕೋಟು, ಟೈ ಹಾಕಿ ಕೂತಿದ್ದರು. ಅವರು ವಿಜ್ಞಾನಕ್ಕಾಗಿ ಏನನ್ನಾದರೂ ಸಹಿಸಬಲ್ಲರು ಎಂದು ನನಗೆ ಆಗಲೇ ಅನ್ನಿಸಿತು.

ಹಿರಿಯರು ನನ್ನ ಅರ್ಜಿ ತಿರುವಿ ಹಾಕಿ ಕೇಳಿದರು: "ಕುರುಗೋಡಂದ್ರ ಯಾರ ಪೈಕಿ?"

"ಮಾಸ್ತರ ಮಗ ಅದೀನ್ರಿ."

"ಅದು ಅರ್ಜ್ಯಾಗ ಐತಿ. ಯಾರ ಪೈಕಿ ಅಂತ ಕೇಳಿದೆ."

ಹೇಳಿದೆ. ಅವರು ಎದುರಿನ ಹಾಳೆಯಲ್ಲಿ ಏನೋ ಬರೆದುಕೊಂಡರು. ಇಡೀ ಸಂದರ್ಶನದಲ್ಲಿ ಅವರು ಬರೆದುಕೊಂಡದ್ದು ಅದೊಂದೇ.

ತಜ್ಞರು ಕ್ಷಾರದ ಮಣ್ಣಿಗೂ ಉಪ್ಪಿನ ಮಣ್ಣಿಗೂ ಏನು ವ್ಯತ್ಯಾಸ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ವಿಷಯದ ಮೇಲೆ ತಾವು ಬರೆದ ಲೇಖನ ನೆನಪಾಗಿ, ಕಾಲು ಗಂಟೆ ಅದನ್ನು ವಿವರಿಸಿದರು. ಕೊನೆಗೆ ತೃಪ್ತಿಯಿಂದ ತಲೆಯಾಡಿಸಿದರು. ನನ್ನ ಉತ್ತರ ಬಹಳ ಚೆನ್ನಾಗಿತ್ತು. ಅದನ್ನು ಹೇಳಿದವರು ಅವರು, ಅಷ್ಟೆ.

ನಿರ್ದೇಶಕರು ಕೇಳಿದ್ದು ಮಾತ್ರ ನನಗೆ ಅರ್ಥವಾಗಲಿಲ್ಲ. "ನಿಮ್ಮ ಆರು ವರ್ಷದ ಯೋಜನೆ ಏನು?"

ಆರೇ ವರ್ಷ ಯಾಕೆ ಎಂದು ತಿಳಿಯದೆ, ಸಿರುಗುಪ್ಪದ ಕಡೆ ಕಾಲುವೆ ನೀರು ನಿಂತು ಉಪ್ಪೇರಿದ ಎರೆ ಹೊಲಗಳನ್ನು ಸರಿಮಾಡುವ ಕೆಲಸ ಮಾಡಬೇಕೆಂದಿದ್ದೇನೆ ಎಂದೆ. ಅವರು "ಗುಡ್" ಎಂದರು. ಯಾರಿಗೆ ಬೇಕಾದರೂ ಅನ್ನಬಹುದಾದಂಥ ಗುಡ್ ಅದು.

ನೇಮಕದ ಪತ್ರ ಬಂದಾಗ ಆರರ ಗುಟ್ಟು ತಿಳಿಯಿತು. ನಿರ್ದೇಶಕರು ಅಮೆರಿಕದಲ್ಲಿ ಕಂಡ ಪದ್ಧತಿ. ಸಹಾಯಕ ಪ್ರಾಧ್ಯಾಪಕನಾಗಿ ಸೇರಬೇಕು. ಆರನೆಯ ವರ್ಷ ಹೊರಗಿನವರ ಸಮಿತಿಯೊಂದು ಬಂದು ಅಷ್ಟೂ ವರ್ಷ ಮಾಡಿದ್ದನ್ನು ತೂಗಿ ನೋಡುತ್ತದೆ. ಒಪ್ಪಿದರೆ ಜೀವನಪೂರ್ತಿ ಕಾಯಂ, ಒಪ್ಪದಿದ್ದರೆ ಒಂದು ವರ್ಷದೊಳಗೆ ಜಾಗ ಖಾಲಿ ಮಾಡಬೇಕು. ಅಪ್ಪ ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದರು.

"ಅಲ್ಲಪಾ, ನಮ್ಮ ಸಾಲ್ಯಾಗ ಹುಡುಗ್ರನ್ನ ವರ್ಷಕ್ಕೊಮ್ಮೆ ಪಾಸು-ಫೇಲು ಮಾಡ್ತೀವಿ. ನಿಮ್ಮಲ್ಲಿ ಆರು ವರ್ಷ ಕುಂದ್ರಿಸಿ ಒಮ್ಮೆಗೇ ಫೇಲ್ ಮಾಡ್ತಾರೇನು?"

ಈ ಪದ್ಧತಿಯ ಮೊದಲ ಫಲ ನನಗೆ ಹೆಣ್ಣು ನೋಡುವಾಗ ಸಿಕ್ಕಿತು. ಸಿರುಗುಪ್ಪದ ಅಕ್ಕಿ ಗಿರಣಿಯವರೊಬ್ಬರ ಮನೆಗೆ ಹೋಗಿದ್ದೆವು. ಅವಲಕ್ಕಿ ತಿಂದಾಯಿತು, ಹುಡುಗಿ ಬಂದು ಹೋದಳು. ಹುಡುಗಿಯ ತಂದೆ ನೌಕರಿ ಕಾಯಮ್ಮೇನು ಎಂದು ಕೇಳಿದರು. ನಾನು ಸತ್ಯವಂತನಂತೆ ಇಡೀ ಪದ್ಧತಿಯನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ಹೇಳಿದರು: "ಹಂಗಾರ ಆರು ವರ್ಷ ಆದಮ್ಯಾಲ ಬರ್ರಿ. ಹುಡುಗಿ ಇದ್ರ ನೋಡೂಣು." 

ನನ್ನ ಜೊತೆ ಅದೇ ದಿನ ಸೇರಿದ ಇನ್ನೊಬ್ಬರಿದ್ದರು. ಮೈಸೂರು ಕಡೆಯವರು, ನನಗಿಂತ ಒಂದೆರಡು ವರ್ಷ ದೊಡ್ಡವರು, ಬಹಳ ಸೌಮ್ಯ. ಸೇರಿದ ವಾರದಲ್ಲೇ ಅವರು ಬಂಗಲೆಯ ಹಿಂದಿನ ವರಾಂಡದಲ್ಲಿ ಹನ್ನೆರಡು ಮಣ್ಣಿನ ಕುಂಡಗಳನ್ನು ಸಾಲಾಗಿ ಇಡಿಸಿ, ಎರೆ ಮಣ್ಣು ತುಂಬಿಸಿ, ಭತ್ತದ ಸಸಿ ನೆಡಿಸಿದರು. ಮಾಲಿ ನೀರು ಹಾಕುತ್ತಿದ್ದ. ಇವರು ಕುರ್ಚಿಯಲ್ಲಿ ಕೂತು ಅಳತೆ ಬರೆದುಕೊಳ್ಳುತ್ತಿದ್ದರು.

"ನೋಡಿ, ಹೊಲಕ್ಕೆ ಮಳೆ, ಬಿಸಿಲು, ದನ, ರೈತ ಎಲ್ಲಾ ಬರುತ್ತೆ," ಎಂದು ಅವರು ನನಗೆ ಹಿತ ಹೇಳಿದರು. "ಕುಂಡಕ್ಕೆ ನಾವು ಕರೆದವರು ಮಾತ್ರ ಬರ್ತಾರೆ. ಆರು ವರ್ಷ ಅಂದ್ರೆ ಬಹಳ ಕಡಿಮೆ ಟೈಮು."

ಅವರ ಮಾತನ್ನು ಕೇಳಿದ್ದರೆ ಈ ಬರಹ ಇಷ್ಟು ಉದ್ದವಾಗುತ್ತಿರಲಿಲ್ಲ. ಅವರು ಆ ಹನ್ನೆರಡು ಕುಂಡಗಳಿಗೆ ಒಂದು ವರ್ಷ ಕಾಲುವೆ ನೀರು ಹಾಕಿಸಿ ಒಂದು ಲೇಖನ ಬರೆದರು. ಮರುವರ್ಷ ಬಾವಿ ನೀರು ಹಾಕಿಸಿ ಇನ್ನೊಂದು. ಆಮೇಲೆ ಎರಡನ್ನೂ ಬೆರೆಸಿ ಮತ್ತೊಂದು. ಒಂದು ಬೇಸಿಗೆಯಲ್ಲಿ ಮಾಲಿ ಊರಿಗೆ ಹೋಗಿ ಸಸಿಗಳೆಲ್ಲ ಒಣಗಿದವು. ಅದರಿಂದ ನೀರಿನ ಕೊರತೆಯ ಪರಿಣಾಮದ ಮೇಲೆ ಒಂದು ಲೇಖನ ಬಂತು. ಅದೇ ಅವರ ಬರಹಗಳಲ್ಲಿ ಶ್ರೇಷ್ಠವಾದದ್ದು ಎಂದು ಆಮೇಲೆ ಕೇಳಿದೆ.

ನಾನು ಸಿರುಗುಪ್ಪದ ಬಸ್ಸು ಹಿಡಿದೆ. ಅಲ್ಲಿಂದ ದೇಶನೂರು. ಕಾಲುವೆ ಬಂದು ಸುತ್ತೆಲ್ಲ ಭತ್ತದ ಹಸಿರಾಗಿದ್ದರೂ ತಗ್ಗಿನ ಕೆಲವು ಹೊಲಗಳಲ್ಲಿ ನೀರು ಇಂಗದೆ ನಿಂತು, ನೆಲದ ಮೇಲೆ ಬಿಳಿ ಉಪ್ಪು ಹರಡಿತ್ತು. ಅಂಥ ಒಂದು ಹೊಲದ ಒಡತಿ ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತಾನೇ ನಿಂತು ಸಾಗುವಳಿ ಮಾಡಿಸುತ್ತಿದ್ದಳು. ಹೊಲಕ್ಕೆ ಬಸಿಗಾಲುವೆ ತೆಗೆದು, ನಿಂತ ನೀರನ್ನು ಪಕ್ಕದ ಹಳ್ಳಕ್ಕೆ ಹರಿಸಿದರೆ ನೀರಿನ ಜೊತೆ ಉಪ್ಪೂ ಕಡಿಮೆಯಾಗುತ್ತದೆ ಎಂದು ಆಕೆಗೆ ವಿವರಿಸಿದೆ.

"ಎಷ್ಟು ದಿನ ಬೇಕ್ರಿ ಸಾರ್?" ಎಂದು ಕೇಳಿದಳು.

"ಮೂರು ವರ್ಷ, ನಾಕು ವರ್ಷ ಆಗಬಹುದು. ನಮ್ಮಲ್ಲಿ ಆರು ವರ್ಷದಾಗ ಮುಗಿಸಬೇಕಂತ ಐತಿ."

"ನಿಮ್ಮ ಆಫೀಸ್ನ್ಯಾಗ ಹಂಗ ಬರದಿದ್ದು ಈ ಹೊಲಕ್ಕ ಗೊತ್ತೈತೇನ್ರಿ?"

ಆದರೂ ಒಪ್ಪಿದಳು. ಹೊಲದ ಅರ್ಧಕ್ಕೆ ಬಸಿಗಾಲುವೆ, ಇನ್ನರ್ಧ ಇದ್ದ ಹಾಗೆಯೇ. ಹಾಗೆ ಮುಟ್ಟದೆ ಬಿಟ್ಟ ಭಾಗಕ್ಕೆ ನಮ್ಮವರು ಕಂಟ್ರೋಲ್ ಎನ್ನುತ್ತಾರೆ. ಅದಕ್ಕೆ ಹೋಲಿಸಿಯೇ ನಾವು ಮಾಡಿದ್ದರಿಂದ ಏನಾದರೂ ಆಯಿತೇ ಎಂದು ಹೇಳಬೇಕು. ಅದಿಲ್ಲದೆ ಯಾವ ಪತ್ರಿಕೆಯೂ ಲೇಖನವನ್ನು ಮೂಸಿ ಕೂಡ ನೋಡುವುದಿಲ್ಲ.

ಮೊದಲನೆಯ ವರ್ಷ ಬಸಿಗಾಲುವೆಯ ದಂಡೆ ಕುಸಿದು ಮುಚ್ಚಿಹೋಯಿತು. ಎರಡನೆಯ ವರ್ಷ, ನಮ್ಮ ಉಪ್ಪು ನೀರು ತನ್ನ ಹೊಲದ ಪಕ್ಕ ಹರಿಯುತ್ತದೆಂದು ನೆರೆಯವನು ಹಳ್ಳದ ಬಾಯಿಗೆ ಕಲ್ಲು, ಮುಳ್ಳು ಒಟ್ಟಿದ. ಅವನ ಜೊತೆ ಜಗಳವಾಡಿ, ರಾಜಿಯಾಗಿ, ಮತ್ತೆ ಜಗಳವಾಡುವುದರಲ್ಲಿ ಒಂದು ಬೆಳೆ ಹೋಯಿತು. ಪ್ರತಿ ವರ್ಷ ಮಾರ್ಚಿನಲ್ಲಿ ನಿರ್ದೇಶಕರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸುತ್ತಿದ್ದರು.

"ಈ ವರ್ಷ ಎಷ್ಟು ಪೇಪರ್?"

"ಇನ್ನೂ ಇಲ್ಲ ಸರ್."

"ಮತ್ತೆ ಏನು ಮಾಡಿದಿರಿ?"

"ಹಳ್ಳದ ಬಾಯಿ ಬಿಡಿಸಿದೆ ಸರ್."

ಅವರು ಅದನ್ನೂ ಬರೆದುಕೊಂಡರು. ಯಾವ ಕಾಲಮ್ಮಿನಲ್ಲಿ ಬರೆದರೋ ನನಗೆ ಗೊತ್ತಿಲ್ಲ.

ಮೂರನೆಯ ವರ್ಷ ಕಾಲುವೆ ತೆಗೆದ ಅರ್ಧದಲ್ಲಿ ಅಲ್ಲಲ್ಲಿ ಭತ್ತ ನಿಂತಿತು. ನಾಲ್ಕನೆಯ ವರ್ಷ ಒಂದೇ ಸಮನೆ ತೆನೆ ಬಾಗಿತು. ಪಕ್ಕದ ಅರ್ಧ ಬಿಳಿಚಿಕೊಂಡು ಹಾಗೆಯೇ ಇತ್ತು. ಬದುವಿನ ಮೇಲೆ ನಿಂತು ಆ ಎರಡು ಬಣ್ಣಗಳನ್ನು ನೋಡಿದಾಗ ನನಗಾದ ಸಂತೋಷವನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ನಾನು ಸಂತೋಷಪಟ್ಟದ್ದು ಬೆಳೆದ ಅರ್ಧಕ್ಕೆ ಮಾತ್ರ ಅಲ್ಲ. ಬೆಳೆಯದ ಅರ್ಧ ಅಷ್ಟು ಚೆನ್ನಾಗಿ ಹಾಳಾಗಿದ್ದಕ್ಕೂ ಹೌದು. ಇನ್ನೊಂದು ಬೆಳೆಯ ಅಳತೆ ಸಿಕ್ಕರೆ ಲೇಖನಕ್ಕೆ ಸಾಕಿತ್ತು.

ಅದೇ ವರ್ಷ ನನ್ನ ಮದುವೆಯೂ ಆಯಿತು. ಹುಡುಗಿ ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಟೀಚರು, ಆಕೆಯ ನೌಕರಿ ಕಾಯಂ. ಮನೆಯಲ್ಲಿ ಒಬ್ಬರಿಗಾದರೂ ನೆಲೆಯಿದೆ ಎಂದು ಅಪ್ಪ ಸಮಾಧಾನಪಟ್ಟರು.

ಮದುವೆಯ ಓಡಾಟದಲ್ಲಿ ಎರಡು ತಿಂಗಳು ದೇಶನೂರಿಗೆ ಹೋಗಲಾಗಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಪುಸ್ತಕ, ಟೇಪು ಹಿಡಿದು ಹೋದೆ. ಕಂಟ್ರೋಲ್ ಎಂದು ಬಿಟ್ಟಿದ್ದ ಅರ್ಧದಲ್ಲಿ ಈ ತುದಿಯಿಂದ ಆ ತುದಿಗೆ ಬಸಿಗಾಲುವೆ ತೆಗೆದಿತ್ತು. ನನ್ನದಕ್ಕಿಂತ ನೆಟ್ಟಗಿತ್ತು. ಆಕೆ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾಲ್ಕು ವರ್ಷದಲ್ಲಿ ಆಕೆಗೆ ನಾನು ಸಾರ್ ಹೋಗಿ ತಮ್ಮನಾಗಿದ್ದೆ.

"ಯಮ್ಮಾ, ಇದೇನು ಮಾಡೀದಿ?"

"ಕಾಲುವಿ ತಗಸೀನಿ. ಆ ಕಡಿ ಬೆಳಿ ಬರ್ತೈತಿ, ಈ ಕಡಿ ಬರಂಗಿಲ್ಲ. ನೀ ಹೇಳಿದ್ದು ಇದನ್ನ ಅಲ್ಲೇನು ತಮ್ಮಾ?"

"ಈ ಕಡಿ ಹಂಗ ಬಿಡಬೇಕಾಗಿತ್ತು. ಹೋಲಿಸಿ ನೋಡಾಕ."

"ನಾಕು ವರ್ಷ ಹೋಲಿಸಿ ನೋಡೀನಲ್ಲ. ನಿನಗಿನ್ನೂ ಗೊತ್ತಾಗಿಲ್ಲೇನು?"

ನಾನು ಕೂತುಬಿಟ್ಟೆ. ಸಮಿತಿ, ಪತ್ರಿಕೆ, ನೌಕರಿ ಎಲ್ಲವನ್ನೂ ಆಕೆಗೆ ಬಿಡಿಸಿ ಹೇಳಿದೆ. ಕೊನೆಗೆ, ಹೇಳಬಾರದಿತ್ತು, ಹೇಳಿದೆ: "ಇದನ್ನ ಮುಚ್ಚಬೇಕಾಗ್ತೈತಿ. ಇನ್ನೊಂದ ಬೆಳಿ ಬರೂತನಕ ಅಷ್ಟ."

ಆಕೆ ಬೈಯಲಿಲ್ಲ. ಎದ್ದು ಹೋಗಿ ಗಿಡದ ಕೆಳಗಿಟ್ಟಿದ್ದ ಸಲಿಕೆ ತಂದು ನನ್ನ ಮುಂದಿಟ್ಟಳು.

"ಮುಚ್ಚು," ಎಂದಳು. "ನೀನ ಮುಚ್ಚು. ನನ್ನ ಕೈಲೆ ಆಗಂಗಿಲ್ಲ."

ಸಲಿಕೆ ಬಹಳ ಹೊತ್ತು ಅಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಧೈರ್ಯದಿಂದಲೋ ಒಳ್ಳೆಯತನದಿಂದಲೋ ಎಂದು ಕೇಳಿದರೆ ಎರಡೂ ಅಲ್ಲ. ಆಕೆ ಅಲ್ಲೇ ನಿಂತಿದ್ದಳು, ನನಗೆ ನಾಚಿಕೆಯಾಯಿತು. ಆಕೆ ಬೇರೆ ಹೊಲಕ್ಕೋ ಮನೆಗೋ ಹೋಗಿದ್ದರೆ ಏನು ಮಾಡುತ್ತಿದ್ದೆನೋ. ಸಂಜೆಯ ಬಸ್ಸಿಗೆ ಬಳ್ಳಾರಿಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಪರೀಕ್ಷೆಯ ಪೇಪರು ತಿದ್ದುತ್ತಿದ್ದವಳು ತಲೆಯೆತ್ತಿ, "ಅಂದ್ರ ನಿಮ್ಮ ಪ್ರಯೋಗ ಪಾಸಾತು, ನೀವು ಫೇಲಾದ್ರಿ," ಎಂದಳು.

ಆದರೂ ಇದ್ದ ಅಳತೆಗಳಲ್ಲೇ ಒಂದು ಲೇಖನ ಬರೆದು ಕಳಿಸಿದೆ. ಎಂಟು ತಿಂಗಳು ಅಲ್ಲಿದ್ದು ಅದು ವಾಪಸು ಬಂತು. ಪ್ರಯೋಗದ ನಡುವೆ ಕಂಟ್ರೋಲ್ ಪ್ಲಾಟನ್ನು ಕೆಡಿಸಿರುವುದು ವಿಷಾದನೀಯ ಎಂದು ಪರಿಶೀಲಕರು ಬರೆದಿದ್ದರು. ಆ ವರ್ಷ ದೇಶನೂರಿನಲ್ಲಿ ಆ ವಿಷಾದದ ಮೇಲೆ ಎದೆಮಟ್ಟ ಭತ್ತ ನಿಂತಿತ್ತು. ಹಳ್ಳದ ಬಾಯಿಗೆ ಮುಳ್ಳು ಒಟ್ಟಿದ್ದ ನೆರೆಯವನು ಕೂಡ ತನ್ನ ಹೊಲಕ್ಕೆ ಕಾಲುವೆ ತೆಗೆಸುತ್ತಿದ್ದ. ನನ್ನನ್ನು ಕಂಡು, "ಸಾರ್, ಆಳ ಎಷ್ಟಿರಬೇಕ್ರಿ?" ಎಂದು ಬಹಳ ವಿನಯದಿಂದ ಕೇಳಿದ.

ಆರನೆಯ ವರ್ಷ ಸಮಿತಿ ಬಂತು. ಮೂವರು ಹಿರಿಯ ಪ್ರಾಧ್ಯಾಪಕರು. ಎರಡು ದಿನದ ಕಾರ್ಯಕ್ರಮ: ಮೊದಲ ದಿನ ದಾಖಲೆಗಳ ಪರಿಶೀಲನೆ, ಎರಡನೆಯ ದಿನ ಕ್ಷೇತ್ರ ಭೇಟಿ. ಮೊದಲ ದಿನ ನನ್ನ ಸಹೋದ್ಯೋಗಿಯ ಲೇಖನಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರು. ನನ್ನ ವಾಪಸು ಬಂದ ಲೇಖನವನ್ನು ಪಕ್ಕದಲ್ಲಿಟ್ಟು, ಫ್ಯಾನಿಗೆ ಹಾರಿಹೋಗದಂತೆ ಅದರ ಮೇಲೆ ಒಂದು ಮಸಿ ಬಾಟಲಿ ಇಟ್ಟರು.

"ನಿಮ್ಮ ಕಂಟ್ರೋಲ್ ಏನಾಯ್ತು?" ಎಂದು ಸಮಿತಿಯ ಅಧ್ಯಕ್ಷರು ಕೇಳಿದರು.

"ಹೊಲದ ಯಜಮಾನಿ ಅದಕ್ಕೂ ಕಾಲುವೆ ತೆಗೆಸಿದಳು ಸರ್."

"ನೀವು ತಡೀಲಿಲ್ವೆ?"

"ಇಲ್ಲ ಸರ್."

"ಯಾಕೆ?"

"ಬೆಳೆ ಬರ್ತಿತ್ತು ಸರ್."

ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರು ಕಿಟಕಿಯಾಚೆ ನೋಡಿದರು. ನಾಳೆ ಹೊಲವನ್ನೇ ನೋಡಬಹುದು ಸರ್ ಎಂದು ನಾನು ಆಸೆಯಿಂದ ಹೇಳಿದೆ.

ಮರುದಿನ ಜೀಪು ಹೊರಟಿತು. ಸಿರುಗುಪ್ಪದಲ್ಲಿ ಟ್ರಸ್ಟಿನ ಹಿರಿಯರ ಬೀಗರ ಮನೆಯಲ್ಲಿ ಊಟ. ಊಟದಲ್ಲಿ ಹೋಳಿಗೆ ಇತ್ತು. ಹೋಳಿಗೆಯ ನಂತರ ಸಮಿತಿಗೆ ಸ್ವಲ್ಪ ಆಯಾಸವಾಯಿತು. ಆಯಾಸ ಪರಿಹಾರವಾಗುವ ಹೊತ್ತಿಗೆ ನಾಲ್ಕೂವರೆ. ದೇಶನೂರಿನ ದಾರಿ ಹೇಗಿದೆ ಎಂದು ಅಧ್ಯಕ್ಷರು ಕೇಳಿದರು. ಚೆನ್ನಾಗಿದೆ ಎಂದು ನಾನು ಹೇಳುವುದರೊಳಗೆ ಡ್ರೈವರು, "ಹಸಿ ಐತ್ರಿ ಸಾರ್, ಜೀಪ್ ಸಿಕ್ಕೊಂತೈತಿ," ಎಂದ. ಅವನಿಗೂ ಹೋಳಿಗೆ ಬಡಿಸಿದ್ದರು. ಕ್ಷೇತ್ರ ಭೇಟಿಯ ಬದಲು ಬೀಗರ ಅಕ್ಕಿ ಗಿರಣಿಯ ಭೇಟಿ ನಡೆಯಿತು. ಹೊಲದ ಯಜಮಾನಿ ಅಂದು ದೇಶನೂರಿನಲ್ಲಿ ಸಂಜೆಯವರೆಗೆ ನಮಗಾಗಿ ಕಾದಿದ್ದಳೆಂದು ಆಮೇಲೆ ತಿಳಿಯಿತು. ದೊಡ್ಡವರು ಬರುತ್ತಾರೆಂದು ಹೊಸ ಸೀರೆ ಉಟ್ಟಿದ್ದಳಂತೆ.

ಸಹೋದ್ಯೋಗಿ ಕಾಯಂ ಆದರು. ನನಗೆ ಒಂದು ವರ್ಷದ ಗಡುವು ಸಿಕ್ಕಿತು. ವರದಿಯಲ್ಲಿ, ಇವರಿಗೆ ರೈತರೊಂದಿಗೆ ಉತ್ತಮ ಸಂಬಂಧವಿದೆ ಎಂದು ಒಂದು ಸಾಲಿತ್ತು. ಅದು ದೋಷಗಳ ಪಟ್ಟಿಯಲ್ಲಿತ್ತು.

ಅಪ್ಪನಿಗೆ ಹೇಳಲು ಕುರುಗೋಡಿಗೆ ಹೋದೆ. ಅವರಾಗಲೇ ನಿವೃತ್ತರಾಗಿದ್ದರು.  ಎಲ್ಲ ಕೇಳಿಸಿಕೊಂಡು, "ಆ ಹೆಣ್ಮಗಳ ಹೊಲ ಹೆಂಗೈತಿ?" ಎಂದರು. ಚೆನ್ನಾಗಿದೆ ಎಂದೆ. "ಮತ್ತ ಊಟ ಮಾಡು ಏಳು," ಎಂದರು. ಆ ರಾತ್ರಿಯ ಊಟದಷ್ಟು ರುಚಿಯಾದ ಊಟವನ್ನು ಆ ವರ್ಷ ನಾನು ಮತ್ತೆ ಮಾಡಲಿಲ್ಲ.

ನಾನು ಬೇರೆ ಕಡೆ ಅರ್ಜಿ ಹಾಕುತ್ತಿರುವಾಗ ಒಂದು ವಿಚಿತ್ರ ನಡೆಯಿತು. ಕಾಯಂ ಆದ ಸಹೋದ್ಯೋಗಿ ಎರಡೇ ತಿಂಗಳಿಗೆ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಹೊರಟುಹೋದರು. ಕಾಯಂ ಆದವರನ್ನೇ ಅಲ್ಲಿ ಕರೆಯುತ್ತಿದ್ದರಂತೆ. ಹೋಗುವಾಗ ನನ್ನ ಕೈ ಹಿಡಿದು, "ತಪ್ಪು ತಿಳ್ಕೋಬೇಡಿ, ನಿಮ್ಮ ಕೆಲಸ ನಿಜವಾದ್ದು," ಎಂದರು. ಆ ಮಾತು ಮನಸ್ಸಿನಿಂದಲೇ ಬಂದಿತ್ತು; ಅದಕ್ಕೇ ಅವರ ಮೇಲೆ ಸಿಟ್ಟಾಗಲು ನನ್ನಿಂದ ಆಗಲಿಲ್ಲ. ಈಗ ನಾನೂ ಹೋದರೆ ಸಂಸ್ಥೆಯಲ್ಲಿ ಮಣ್ಣಿನ ವಿಭಾಗಕ್ಕೆ ಯಾರೂ ಉಳಿಯುತ್ತಿರಲಿಲ್ಲ. ನಿರ್ದೇಶಕರು ನನ್ನನ್ನು ಕರೆದರು.

"ಹೊಸದಾಗಿ ಜಾಹೀರಾತು ಕೊಡ್ತೀವಿ. ನೀವೂ ಅರ್ಜಿ ಹಾಕಿ."

"ನನ್ನ ಕುರ್ಚಿಗೇನಾ ಸರ್?"

"ಟೆಕ್ನಿಕಲಿ ಅದು ಖಾಲಿ ಇದೆ."

"ಆಯ್ಕೆಯಾದ್ರೆ?"

"ಆರು ವರ್ಷ," ಎಂದರು ನಿರ್ದೇಶಕರು. ಅವರ ಮುಖದಲ್ಲಿ ತಮಾಷೆಯ ಗೆರೆಯೂ ಇರಲಿಲ್ಲ.

ಅರ್ಜಿ ಹಾಕಿದೆ. ನಾನು ದಿನವೂ ಕೂತುಕೊಳ್ಳುತ್ತಿದ್ದ ಕೋಣೆಯ ಪಕ್ಕದ ಕೋಣೆಯಲ್ಲಿ ಸಂದರ್ಶನ ಆಯಿತು. ಈ ಭಾಗದ ಮಣ್ಣಿನ ಪರಿಚಯವಿದೆಯೇ ಎಂದು ಹೊಸ ತಜ್ಞರೊಬ್ಬರು ಕೇಳಿದರು. ಸ್ವಲ್ಪ ಇದೆ ಎಂದೆ. ಆಯ್ಕೆಯಾದೆ. ಸೊನ್ನೆಯಿಂದ ಮತ್ತೆ ಶುರು. ಈ ಸಲ ನಾನೂ ವರಾಂಡದಲ್ಲಿ ಕುಂಡಗಳನ್ನು ಇಡಿಸಿದೆ. ಇಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಇಡಿಸಿದೆ. ಎರಡು ವರ್ಷದಲ್ಲಿ ಮೂರು ಲೇಖನ ಬಂದವು. ದೇಶನೂರಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದದ್ದು ಆರು ತಿಂಗಳಿಗೊಮ್ಮೆ ಆಯಿತು.

ಎಂಬತ್ತರ ದಶಕ ಕಾಲಿಟ್ಟಾಗ ಟ್ರಸ್ಟಿನವರಿಗೆ ಸಂಸ್ಥೆ ಸಾಕಾಯಿತು, ಸರ್ಕಾರ ವಹಿಸಿಕೊಂಡಿತು. ನಿರ್ದೇಶಕರು ಅಮೆರಿಕಕ್ಕೆ ವಾಪಸಾದರು. ಆ ದಿನಕ್ಕೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರನ್ನೆಲ್ಲ ಕಾಯಂ ಮಾಡಲಾಗಿದೆ ಎಂದು ಒಂದೇ ಸಾಲಿನ ಆದೇಶ ಹೊರಟಿತು. ನಾನು ಎಂಟು ವರ್ಷ ಬೆವರು ಸುರಿಸಿ ಪಡೆಯಲಾಗದ ಪದವಿಯನ್ನು ನನಗೂ ಮಾಲಿಗೂ ಒಬ್ಬ ಗುಮಾಸ್ತ ಒಂದೇ ಹಾಳೆಯಲ್ಲಿ ಕೊಟ್ಟ. ಪಟ್ಟಿಯಲ್ಲಿ ಮಾಲಿಯ ಹೆಸರು ನನ್ನದಕ್ಕಿಂತ ಮೇಲಿತ್ತು. ಅವನು ನನಗಿಂತ ಮೊದಲು ಸೇರಿದ್ದ, ನ್ಯಾಯವಾಗಿಯೇ ಇತ್ತು.

ಕಾಯಂ ಆದ ಕೆಲವು ವರ್ಷಗಳಲ್ಲಿ ನಾನು ಮೇಜಿನ ಆಚೆ ಬದಿಗೆ ಬಂದೆ. ಮತ್ತೊಂದು ಹುದ್ದೆಗೆ ಸಂದರ್ಶನ. ಬಂದವರಲ್ಲಿ ಬಳ್ಳಾರಿಯದೇ ಒಬ್ಬ ಹೆಣ್ಣುಮಗಳು ಇದ್ದಳು. ಕುರುಗೋಡಿನ ಸುತ್ತಿನ ಶೇಂಗಾ ಹೊಲಗಳಲ್ಲಿ ಮೂರು ವರ್ಷ ಓಡಾಡಿ ಬಾವಿ ನೀರಿನ ಬಗ್ಗೆ ಅಪರೂಪದ ಕೆಲಸ ಮಾಡಿದ್ದಳು. ಆದರೆ ರೈತರಿಗಾಗಿ ಕನ್ನಡದಲ್ಲಿ ಬರೆದ ಎರಡು ಲೇಖನಗಳನ್ನು ಬಿಟ್ಟರೆ ಬೇರೇನೂ ಅಚ್ಚಾಗಿರಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಕನ್ನಡ ಲೇಖನಕ್ಕೆ ಕಾಲಮ್ಮೇ ಇರಲಿಲ್ಲ. ಉಳಿದ ಸದಸ್ಯರು ಆರು ಲೇಖನವಿದ್ದ ಇನ್ನೊಬ್ಬನ ಕಡೆ ವಾಲಿದ್ದರು.

ಆಕೆಯ ಕೆಲಸ ಎಂಥದ್ದೆಂದು ನಾನು ಅಲ್ಲಿ ಹೇಳಬಹುದಿತ್ತು. ಹೇಳಿದರೆ ಸೋಲುತ್ತೇನೆಂದು ನನಗೆ ಗೊತ್ತಿತ್ತು. ಅದೇ ಮೇಜಿನ ಮುಂದೆ ಕೂತು ಕಲಿತಿದ್ದೆ. ಹಾಗಾಗಿ, "ಆ ಹುಡುಗ ಎರಡು ವರ್ಷಕ್ಕೆ ಬಿಟ್ಟು ಹೋಗ್ತಾನ್ರಿ. ಈಕಿ ಮನಿ ಇದೇ ಊರಾಗೈತಿ, ಗಂಡನ ಅಂಗಡಿನೂ ಇಲ್ಲೇ ಐತಿ. ಎಲ್ಲಿಗೂ ಹೋಗಂಗಿಲ್ಲ," ಎಂದೆ. ಎಲ್ಲರಿಗೂ ತಕ್ಷಣ ಒಪ್ಪಿಗೆಯಾಯಿತು. ಅರ್ಧ ಗಂಟೆಯ ಚರ್ಚೆ ಒಂದು ನಿಮಿಷದಲ್ಲಿ ಮುಗಿಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಎರಡು ಸಲ ಚಹಾ ಕುಡಿದೆ.

ಆಕೆ ಸೇರಿದ ಆರು ತಿಂಗಳಿಗೆ ಯಾರೋ ಈ ಕಥೆಯನ್ನು ಅವಳಿಗೆ ಹೇಳಿದರು. ನನ್ನ ಕೋಣೆಗೆ ಬಂದು ನಿಂತೇ ಕೇಳಿದಳು.

"ನನ್ನ ಕೆಲಸದ ಬಗ್ಗೆ ನೀವು ಕಮಿಟ್ಯಾಗ ಏನ್ ಹೇಳಿದ್ರಿ ಸರ್?"

"ಏನೂ ಹೇಳಲಿಲ್ಲಮ್ಮ."

"ಓದಿದ್ರೇನು?"

"ಓದಿದ್ದೆ. ಬಂದವರೊಳಗ ಅದ ಚೊಲೋ ಕೆಲಸ."

"ಮತ್ತ ಅದನ್ನ ಹೇಳಬೇಕಾಗಿತ್ತಲ್ರಿ. ನನ್ನ ಗಂಡನ ಅಂಗಡಿ ಎಲ್ಲೈತಿ ಅಂತ ಹೇಳಿ ನೌಕರಿ ಕೊಡಿಸೀರಿ."

ಹೇಳಿದ್ದರೆ ನೌಕರಿ ಸಿಗುತ್ತಿರಲಿಲ್ಲ ಎಂದೆ. ಅದು ತನಗೆ ಗೊತ್ತಿದೆ ಎಂದಳು. ಗೊತ್ತಿದ್ದೇ ಕೇಳುತ್ತಿದ್ದೇನೆ ಎಂದಳು. ಆಮೇಲೆ ವರ್ಷವಿಡೀ ನನ್ನೊಂದಿಗೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದಳು. ಆ ವರ್ಷವೇ ಬಾವಿ ನೀರಿನ ಆ ಕೆಲಸವನ್ನು ಇಂಗ್ಲಿಷಿನಲ್ಲಿ ಬರೆದು ಒಳ್ಳೆಯ ಪತ್ರಿಕೆಯೊಂದಕ್ಕೆ ಕಳಿಸಿದಳು. ಒಂದು ಅಕ್ಷರವನ್ನೂ ಬದಲಿಸದೆ ಅವರು ಅಚ್ಚು ಮಾಡಿದರು. ಅದರ ಒಂದು ಪ್ರತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ನಾನು ಅದನ್ನು ಮುಂದಿನ ಆಯ್ಕೆ ಸಮಿತಿಯ ಸಭೆಗೆ ಒಯ್ದು, ಯಾರೂ ಕೇಳದಿದ್ದರೂ, ಮೊದಲ ಹತ್ತು ನಿಮಿಷ ಅದರ ಬಗ್ಗೆಯೇ ಮಾತಾಡಿದೆ. ಅಧ್ಯಕ್ಷರು ಗಡಿಯಾರ ನೋಡಿ, ಇವತ್ತಿನ ವಿಷಯಕ್ಕೆ ಬರೋಣವೇ ಎಂದರು.